ಪ್ಲೇಸ್ಕೂಲ್ ಟೀಚರ್ ಆಗಬೇಕಾ? ಅಂಗನವಾಡಿ, ಎಲ್‌ಕೆಜಿ, ಫ್ರಾಂಚೈಸಿ, ಮಾಂಟೆಸ್ಸರಿ: ಯಾರಿಗೆ ಯಾವುದು ಹೊಂದುತ್ತದೆ

ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡಬೇಕು ಅನ್ನುವವರಿಗೆ ಈಗ ದಾರಿ ಹಲವು. ಊರಿನ ಅಂಗನವಾಡಿ ಇದೆ. ಕೆಲವು ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ಶುರುವಾಗಿದೆ. ಪೇಟೆಯಲ್ಲಿ ಬೀದಿಗೊಂದು ಬಣ್ಣಬಣ್ಣದ ಪ್ಲೇಸ್ಕೂಲ್ ಇದೆ. ಮಾಂಟೆಸ್ಸರಿ ಶಾಲೆಗಳಿವೆ, ಐಟಿ ಕಂಪನಿಗಳ ಪಕ್ಕದಲ್ಲಿ ಡೇಕೇರ್‌ಗಳಿವೆ. ಎಲ್ಲ ಬೋರ್ಡುಗಳ ಮೇಲೂ ಒಂದೇ ಮಾತು: ಆಡುತ್ತಾ ಕಲಿಯೋಣ. ಹಾಗಾಗಿ ಬೋರ್ಡ್ ಓದಿ ಏನೂ ತಿಳಿಯುವುದಿಲ್ಲ.

ಸಂಬಳ ಎಷ್ಟು, ಮನೆಯಿಂದ ಎಷ್ಟು ದೂರ, ಎಷ್ಟು ಗಂಟೆಗೆ ಬಿಡುತ್ತಾರೆ ಅಂತ ಎಲ್ಲರೂ ಕೇಳಿಯೇ ಕೇಳುತ್ತಾರೆ. ಕೇಳಲೇಬೇಕು. ಅದರ ಜೊತೆ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ: ದಿನದ ಕೊನೆಗೆ ನೀವು ಯಾರಿಗೆ ಲೆಕ್ಕ ಕೊಡಬೇಕು? ಅಂಗನವಾಡಿಯಲ್ಲಿ ಲೆಕ್ಕ ಕೇಳುವುದು ಇಲಾಖೆ. ಪ್ಲೇಸ್ಕೂಲಿನಲ್ಲಿ ಫೀಸ್ ಕಟ್ಟಿದ ಅಪ್ಪ ಅಮ್ಮ. ಮಾಂಟೆಸ್ಸರಿಯಲ್ಲಿ ಆ ಪದ್ಧತಿಯೇ ಲೆಕ್ಕ ಕೇಳುತ್ತದೆ. ಮಕ್ಕಳಿಗೆ ಆಡಲು ನಿಜವಾಗಿ ಎಷ್ಟು ಹೊತ್ತು ಉಳಿಯುತ್ತದೆ ಅನ್ನೋದು ಇದರ ಮೇಲೆ ನಿಂತಿದೆ.

ಮೊದಲು ಈ ಕೆಲಸ ಏನು ಅಂತ ನೋಡೋಣ

"ಆಟ ಆಡಿಸೋದು ತಾನೆ, ಅದೇನು ಮಹಾ" ಅನ್ನುವವರು ಒಂದು ಬೆಳಗ್ಗೆ ಇಂಥ ಕೋಣೆಯಲ್ಲಿ ಕೂತು ನೋಡಲಿ. ನಾಲ್ಕು ವರ್ಷದ ಮಕ್ಕಳು ಪುಟ್ಟ ಕುರ್ಚಿಗಳನ್ನು ಸಾಲಾಗಿ ಇಟ್ಟು ಬಸ್ ಆಟ ಆಡುತ್ತಾರೆ. ಒಬ್ಬ ಡ್ರೈವರ್, ಒಬ್ಬಳು ಕಂಡಕ್ಟರ್. ಹಳೇ ಕ್ಯಾಲೆಂಡರ್ ಹರಿದು ಟಿಕೆಟ್ ಮಾಡಿರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ಬಸ್ಸಿನಲ್ಲೂ ಹೆಂಗಸರಿಗೆ ಟಿಕೆಟ್ ಫ್ರೀ. ಆದರೆ "ಆಧಾರ್ ತೋರ್ಸಿ" ಅಂತ ಗದರುವ ಕಂಡಕ್ಟರ್ ಇದ್ದೇ ಇರುತ್ತಾಳೆ! ಈ ಆಟದಲ್ಲಿ ಎಣಿಕೆ ಇದೆ, ಸರದಿ ಕಾಯುವುದಿದೆ, ಊರುಗಳ ಹೆಸರಿವೆ, ಜಗಳ ಆಡಿ ತಾವೇ ರಾಜಿಯಾಗುವುದಿದೆ.

ಇದರಲ್ಲಿ ಟೀಚರ್ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಕಾಗದ, ಹಳೇ ಚೀಲ, ಕುರ್ಚಿ ಮಕ್ಕಳ ಕೈಗೆ ಸಿಗುವ ಹಾಗೆ ಅವರು ಮುಂಚೆಯೇ ಇಟ್ಟಿರುತ್ತಾರೆ. ಮಾತಾಡದ ಮಗು ಮೂಲೆಯಲ್ಲಿ ನಿಂತಿದ್ದರೆ ತಾವೇ ಬಸ್ ಹತ್ತಿ, "ನನ್ನ ಪಕ್ಕ ಒಂದು ಸೀಟ್ ಇದೆ, ಬರ್ತೀಯಾ ಪುಟ್ಟಿ?" ಅಂತ ಕರೆಯುತ್ತಾರೆ. "ಈ ಬಸ್ಸಿಗೆ ಬೋರ್ಡೇ ಇಲ್ವಲ್ಲ, ಎಲ್ಲಿಗೆ ಹೋಗುತ್ತೆ ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು?" ಅಂತ ಒಂದು ಮಾತು ಬಿಡುತ್ತಾರೆ. ಅಷ್ಟು ಸಾಕು, ಯಾರೋ ಒಬ್ಬರು ಕ್ರೇಯಾನ್ ಹುಡುಕಿಕೊಂಡು ಓಡುತ್ತಾರೆ. ಆಮೇಲೆ ಟೀಚರ್ ಬಾಯಿ ಮುಚ್ಚಿಕೊಂಡು ನೋಡಬೇಕು. ಹೊಸಬರಿಗೆ ಕಲಿಸಲು ಬಹಳ ಕಷ್ಟವಾಗುವುದು ಈ ಸುಮ್ಮನಿರುವ ಕೆಲಸವೇ.

ಮೂಗು ಒರೆಸುವುದು, ಒದ್ದೆ ಚಡ್ಡಿ ಬದಲಿಸುವುದು, ಕಚ್ಚಿದ ಮಗುವನ್ನೂ ಕಚ್ಚಿಸಿಕೊಂಡ ಮಗುವನ್ನೂ ಒಟ್ಟಿಗೆ ಸಮಾಧಾನ ಮಾಡುವುದು ಇದ್ದೇ ಇದೆ. ಮೊದಲ ವರ್ಷ ಶೀತ ಕೆಮ್ಮು ಬಿಡುವುದಿಲ್ಲ. ಗಂಟಲು ಕಟ್ಟುತ್ತದೆ. ನೆಲದ ಮೇಲೆ ಕೂತು ಎದ್ದು ಮಂಡಿ ಹಿಡಿಯುತ್ತದೆ. ಎಲ್ಲಿ ಸೇರಿದರೂ ಇವು ತಪ್ಪಿದ್ದಲ್ಲ. ಆದ್ದರಿಂದ ಹೋಲಿಕೆಯಲ್ಲಿ ಇವನ್ನು ಬಿಟ್ಟುಬಿಡುತ್ತೇನೆ.

ಅಂಗನವಾಡಿ: ಆಟಕ್ಕೆ ಸ್ವಾತಂತ್ರ್ಯ ಇದೆ, ಹೊತ್ತು ಇಲ್ಲ

ನಮ್ಮಲ್ಲಿ ಬಹಳ ಜನ ಅಂಗನವಾಡಿಯನ್ನು ಪ್ರೀಸ್ಕೂಲ್ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ತಪ್ಪು. ಕರ್ನಾಟಕದಲ್ಲಿ 65 ಸಾವಿರಕ್ಕೂ ಜಾಸ್ತಿ ಅಂಗನವಾಡಿಗಳಿವೆ. ಮೂರರಿಂದ ಆರು ವರ್ಷದ ಮಕ್ಕಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಇನ್ನೆಲ್ಲೂ ಸೇರುವುದಿಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಶುರುವಾಗಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ, 100 ಕೇಂದ್ರಗಳೊಂದಿಗೆ.

ಆದರೆ ಈ ಯೋಜನೆ ಬರೀ ಕಲಿಸಲಿಕ್ಕೆ ಅಂತ ಹುಟ್ಟಿದ್ದಲ್ಲ. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಪೌಷ್ಟಿಕತೆಯ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ, ಹೀಗೆ ಆರು ಸೇವೆ. ನಿಮಗೆ ಇಷ್ಟವಾದದ್ದು ಆರರಲ್ಲಿ ಒಂದು. ಉಳಿದ ಐದೂ ನಿಮ್ಮ ತಲೆಯ ಮೇಲೇ ಇರುತ್ತವೆ. ಮಕ್ಕಳ ತೂಕ, ಎತ್ತರ ಅಳೆದು ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಕಬೇಕು. ಗರ್ಭಿಣಿ, ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಬಿಸಿಯೂಟ ಕೊಡಬೇಕು. ಮೊಟ್ಟೆ, ಹಾಲಿನ ಪುಡಿಯ ಲೆಕ್ಕ ಬರೆಯಬೇಕು. ಮೇಲಿಂದ ಸರ್ವೆ ಬಂದರೆ ಅದನ್ನೂ ಮಾಡಬೇಕು. ಮಕ್ಕಳು ಮರಳಿನಲ್ಲಿ ಮನೆ ಕಟ್ಟುತ್ತಿರುವಾಗಲೇ ಸೂಪರ್‌ವೈಸರ್ ಫೋನ್ ಬರುತ್ತದೆ, "ಇವತ್ತಿನ ಫೋಟೋ ಅಪ್‌ಲೋಡ್ ಆಗಿಲ್ಲ" ಅಂತ. ಒಳ್ಳೆಯ ಸಹಾಯಕಿ ಸಿಕ್ಕಿದರೆ ಅರ್ಧ ಗೆದ್ದಂತೆ. ಸಿಗದಿದ್ದರೆ ಅಡುಗೆಯೂ ನಿಮ್ಮದೇ.

ಇಷ್ಟೆಲ್ಲ ಇದ್ದರೂ ಅಂಗನವಾಡಿಯ ಪರವಾಗಿ ಒಂದು ದೊಡ್ಡ ಮಾತಿದೆ. ಅಲ್ಲಿ ಹೋಂವರ್ಕ್ ಯಾಕೆ ಕೊಟ್ಟಿಲ್ಲ ಅಂತ ಕೇಳುವವರು ಕಮ್ಮಿ. ಇಲಾಖೆಯ ಚಿಲಿಪಿಲಿ ಪಠ್ಯಕ್ರಮವೇ ಹಾಡು, ಕತೆ, ಆಟ, ಚಟುವಟಿಕೆಗಳ ಮೇಲೆ ನಿಂತಿದೆ. ಮೂರರ ಮಗುವೂ ಐದರ ಮಗುವೂ ಒಂದೇ ಕೋಣೆಯಲ್ಲಿ ಇರುತ್ತಾರೆ. ದೊಡ್ಡವರನ್ನು ನೋಡಿ ಚಿಕ್ಕವರು ಕಲಿಯುತ್ತಾರೆ. ಅವಲಕ್ಕಿ ಪವಲಕ್ಕಿ, ಕಣ್ಣಾಮುಚ್ಚೆ, ಕುಂಟೆಬಿಲ್ಲೆಗೆ ಯಾರ ಅನುಮತಿಯೂ ಬೇಡ. ಕಡ್ಡಿ, ಎಲೆ, ಜೇಡಿಮಣ್ಣು, ಹುಣಸೆ ಬೀಜ ದುಡ್ಡಿಲ್ಲದೆ ಸಿಗುತ್ತವೆ. (ಬೀಜ ಎಣಿಸುವ ಆಟ ಆಡಿಸುವಾಗ ಕಣ್ಣು ಅಲ್ಲೇ ಇರಲಿ. ಮೂಗಿಗೆ, ಕಿವಿಗೆ ಹಾಕಿಕೊಳ್ಳುವ ಒಂದು ಮಗು ಎಲ್ಲ ಬ್ಯಾಚಿನಲ್ಲೂ ಇರುತ್ತದೆ.) ಮನೆಯಲ್ಲಿ ಆಡುವ ಕನ್ನಡ, ಕೋಣೆಯಲ್ಲಿ ಕಲಿಯುವ ಕನ್ನಡ ಒಂದೇ ಆಗಿರುವುದರಿಂದ ಕತೆ ಹೇಳುವುದು ಸುಲಭ. 2023ರಲ್ಲಿ ಕೇಂದ್ರ ಸರ್ಕಾರ 'ಪೋಷಣ್ ಭಿ ಪಢಾಯಿ ಭಿ' ಅಂತ ಶುರು ಮಾಡಿ, ಆಟದ ಮೂಲಕ ಕಲಿಸಲು ಕಾರ್ಯಕರ್ತೆಯರಿಗೆ ತರಬೇತಿ ಕೊಡುತ್ತಿದೆ. ದಿನಕ್ಕೆ ಕನಿಷ್ಠ ಎರಡು ಗಂಟೆ ಕಲಿಕೆಗೇ ಮೀಸಲಿಡಬೇಕು ಅನ್ನುವುದು ಅದರ ಆಶಯ. ಆ ಎರಡು ಗಂಟೆಯನ್ನು ಕಾಪಾಡಿಕೊಳ್ಳುವ ಗಟ್ಟಿತನ ನಿಮಗಿದ್ದರೆ ಇದು ಚೆನ್ನಾದ ಜಾಗ.

ದುಡ್ಡಿನ ವಿಷಯಕ್ಕೆ ಬರೋಣ. ಇಲ್ಲಿ ಸಿಗುವುದು ಗೌರವಧನ. ಈಗ ತಿಂಗಳಿಗೆ ಹತ್ತು ಸಾವಿರ ದಾಟಿದೆ. 2025ರ ರಾಜ್ಯ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಏರಿಸಿದರು. ಸರ್ಕಾರಿ ನೌಕರಿ ಅಂದುಕೊಂಡು ಸೇರಬೇಡಿ. ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಇದು ಸರ್ಕಾರದ ನಾಗರಿಕ ಹುದ್ದೆ ಅಲ್ಲ ಅಂತ ಹೇಳಿತು. 2022ರ ಏಪ್ರಿಲ್‌ನಲ್ಲಿ ಅದೇ ಕೋರ್ಟು ಇನ್ನೊಂದು ಪ್ರಕರಣದಲ್ಲಿ ಅಂಗನವಾಡಿಯವರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಸಲ್ಲಬೇಕು ಅಂದಿತು. ಇವೆರಡರ ನಡುವೆ ಎಲ್ಲೋ ನಿಂತಿರುವ ಕೆಲಸ ಇದು. ಕಾರ್ಯಕರ್ತೆಗೆ ಪಿಯುಸಿ ಆಗಿರಬೇಕು, ವಯಸ್ಸು 19ರಿಂದ 35, ಅದೇ ಊರಿನವರಾಗಿರಬೇಕು. ಬೇರೆ ಊರಿಗೆ ಮದುವೆಯಾಗಿ ಹೋಗುವ ಸಾಧ್ಯತೆ ಇರುವ ಹುಡುಗಿಯರಿಗೆ ಈ ಕೊನೆಯ ಷರತ್ತು ಸಂಬಳಕ್ಕಿಂತ ದೊಡ್ಡ ಪ್ರಶ್ನೆ.

ಸರ್ಕಾರಿ ಶಾಲೆಯ ಎಲ್‌ಕೆಜಿ, ಯುಕೆಜಿ

ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಇದು ಮೊದಲೇ ಇತ್ತು. 2024ರಲ್ಲಿ ಕಲ್ಯಾಣ ಕರ್ನಾಟಕದ ಸಾವಿರದಷ್ಟು ಸರ್ಕಾರಿ ಶಾಲೆಗಳಿಗೆ ವಿಸ್ತರಿಸಲು ಹೊರಟಾಗ ಅಂಗನವಾಡಿಯವರು ಬೆಂಗಳೂರಿನಲ್ಲಿ ದೊಡ್ಡ ಪ್ರತಿಭಟನೆ ಮಾಡಿದರು. ಮಕ್ಕಳೆಲ್ಲ ಆ ಕಡೆ ಹೋದರೆ ಅಂಗನವಾಡಿಯ ಗತಿ ಏನು ಅನ್ನುವುದು ಅವರ ಪ್ರಶ್ನೆ. ಅದೇ ವರ್ಷ ಬೆಂಗಳೂರಿನಲ್ಲಿ ಒಂದಿಷ್ಟು ಅಂಗನವಾಡಿಗಳನ್ನೇ 'ಸರ್ಕಾರಿ ಮಾಂಟೆಸ್ಸರಿ' ಅಂತ ಮೇಲ್ದರ್ಜೆಗೆ ಏರಿಸಲು ಶುರು ಮಾಡಿದರು. ಅಂದರೆ ಯಾವ ಇಲಾಖೆ ಈ ಮಕ್ಕಳನ್ನು ನೋಡಿಕೊಳ್ಳಬೇಕು ಅನ್ನುವ ಹಗ್ಗಜಗ್ಗಾಟ ಇನ್ನೂ ಮುಗಿದಿಲ್ಲ. ನೀವು ಸೇರುವುದು ಆ ಹಗ್ಗದ ಮೇಲೆ.

ಇಲ್ಲಿ ಟೀಚರುಗಳು ಸಾಮಾನ್ಯವಾಗಿ ಅತಿಥಿ ಶಿಕ್ಷಕರು. ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಸಮಿತಿಯ ಮೂಲಕ ನೇಮಕ, ವರ್ಷ ವರ್ಷ ಮತ್ತೆ ಕಾಯಬೇಕು. ಅಡುಗೆ, ತೂಕ, ಸರ್ವೆ ಇಲ್ಲ ಅನ್ನುವುದು ನೆಮ್ಮದಿ. ಆದರೆ ಪಕ್ಕದ ಕೋಣೆಯಲ್ಲೇ ಒಂದನೇ ತರಗತಿ ಇರುತ್ತದೆ. ಅದರ ಗಾಳಿ ಬೀಸದೇ ಇರುವುದಿಲ್ಲ. ಬೆಂಚು, ಕರಿಹಲಗೆ, ಬೆಲ್ ಎಲ್ಲ ದೊಡ್ಡ ಮಕ್ಕಳ ಅಳತೆಯವು. ಇಂಗ್ಲಿಷ್ ಮಾಧ್ಯಮದ ಆಸೆಯಿಂದ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮ ಸ್ಲೇಟು ತುಂಬಿರುವುದನ್ನು ನೋಡಲು ಕಾಯುತ್ತಿರುತ್ತಾರೆ. ಹೆಡ್‌ಮಾಸ್ಟರು ಅಥವಾ ಹೆಡ್‌ಮೇಡಂ ಆಟದ ಪರ ಇದ್ದರೆ ಮಾತ್ರ ಇಲ್ಲಿ ಆಟ ಉಳಿಯುತ್ತದೆ. ಸೇರುವ ಮುಂಚೆ ಅವರ ಜೊತೆ ಹತ್ತು ನಿಮಿಷ ಮಾತಾಡಿದರೆ ಗೊತ್ತಾಗುತ್ತದೆ.

ಖಾಸಗಿ ಪ್ಲೇಸ್ಕೂಲ್: ಅಪ್ಪ ಅಮ್ಮನ ಕಣ್ಣು

ಹೊಸಬರು ಬಹಳಷ್ಟು ಜನ ಮೊದಲು ಸೇರುವುದು ಇಲ್ಲೇ. ಕೆಲಸ ಬೇಗ ಸಿಗುತ್ತದೆ. ಡಿಗ್ರಿ ಮತ್ತು ಸ್ವಲ್ಪ ಇಂಗ್ಲಿಷ್ ಇದ್ದರೆ ಕೋರ್ಸ್ ಮಾಡಿರದಿದ್ದರೂ ತೆಗೆದುಕೊಳ್ಳುತ್ತಾರೆ. ಅರ್ಧ ದಿನದ ಕೆಲಸ, ಮಧ್ಯಾಹ್ನ ಮನೆಗೆ ಬರಬಹುದು. ತಮ್ಮ ಮಗುವಿಗೆ ಅಲ್ಲೇ ಫೀಸ್‌ನಲ್ಲಿ ರಿಯಾಯಿತಿ ಸಿಗುತ್ತದೆ ಅಂತ ಸೇರುವ ತಾಯಂದಿರೂ ಇದ್ದಾರೆ. ಲೆಕ್ಕ ಹಾಕಿದರೆ ಅದು ಸಂಬಳಕ್ಕೆ ಸೇರಿದ ಹಾಗೆಯೇ.

ಖಾಸಗಿಯಲ್ಲಿ ಎರಡು ಬಗೆ. ಒಂದು ದೊಡ್ಡ ಬ್ರ್ಯಾಂಡಿನ ಫ್ರಾಂಚೈಸಿ. ಇನ್ನೊಂದು ಯಾರೋ ಒಬ್ಬರು ಆಸೆಪಟ್ಟು ತಮ್ಮ ಮನೆಯ ಕೆಳಗಿನ ಮಹಡಿಯಲ್ಲಿ ಶುರು ಮಾಡಿದ ಶಾಲೆ. ಫ್ರಾಂಚೈಸಿಯಲ್ಲಿ ಹೆಡ್ ಆಫೀಸಿನಿಂದ ಪೆಟ್ಟಿಗೆ ತುಂಬ ಪುಸ್ತಕ, ವರ್ಕ್‌ಶೀಟ್, ದಿನದಿನದ ಪ್ಲಾನ್ ಬರುತ್ತದೆ. ಮಂಗಳವಾರ ಹಳದಿ ಬಣ್ಣ ಅಂದರೆ ಮಂಗಳವಾರ ಹಳದಿ ಬಣ್ಣ. ಹೊಸಬರಿಗೆ ಇದು ಊರುಗೋಲು. ನಾಳೆ ಏನು ಮಾಡಲಿ ಅನ್ನುವ ಚಿಂತೆ ಇಲ್ಲ, ತರಬೇತಿಯೂ ಸಿಗುತ್ತದೆ. ಒಂದೆರಡು ವರ್ಷ ಕಳೆದ ಮೇಲೆ ಅದೇ ಪ್ಲಾನ್ ಕಟ್ಟಿಹಾಕುತ್ತದೆ. ಮಂಗಳವಾರ ಜೋರು ಮಳೆ ಬಂದು ಮಕ್ಕಳೆಲ್ಲ ಕಿಟಕಿಗೆ ಅಂಟಿಕೊಂಡಿದ್ದರೂ ಹಳದಿ ಬಾಳೆಹಣ್ಣಿಗೇ ಬಣ್ಣ ತುಂಬಿಸಬೇಕು. ಚಿಕ್ಕ ಶಾಲೆಯಲ್ಲಾದರೆ ಎಲ್ಲ ಬಿಟ್ಟು ಕಾಗದದ ದೋಣಿ ಮಾಡಬಹುದು. ಆದರೆ ಅಲ್ಲಿ ಎಲ್ಲವೂ ಯಜಮಾನರ ಮನಸ್ಸಿನ ಮೇಲೆ ನಿಂತಿರುತ್ತದೆ. ಅವರಿಗೆ ವಿಷಯ ಗೊತ್ತಿದ್ದರೆ ನಿಮ್ಮ ಅದೃಷ್ಟ.

ಎರಡೂ ಕಡೆ ಲೆಕ್ಕ ಕೇಳುವವರು ಅಪ್ಪ ಅಮ್ಮ. ವಾಟ್ಸ್ಆ್ಯಪ್ ಗುಂಪಿಗೆ ದಿನಾ ಫೋಟೋ ಹೋಗಬೇಕು. ಫೋಟೋದಲ್ಲಿ ಪ್ರತಿ ಮಗುವಿನ ಮುಖ ಕಾಣಬೇಕು, ಕೈಯಲ್ಲಿ ಏನಾದರೂ ಮಾಡಿದ್ದು ಇರಬೇಕು. ಮಣ್ಣಿನಲ್ಲಿ ಮುಳುಗಿ ಆಡುತ್ತಿದ್ದ ಮಗುವನ್ನು ಎಬ್ಬಿಸಿ, ಕೈ ತೊಳೆಸಿ, "ಇಲ್ಲಿ ನೋಡು ಕಂದಾ, ಸ್ಮೈಲ್" ಅನ್ನಬೇಕು. ಅರ್ಧ ಚಿಟ್ಟೆಯನ್ನು ಟೀಚರೇ ಅಂಟಿಸಿ ಮಗು ಮಾಡಿದ್ದು ಅಂತ ಕಳಿಸುವುದು ಇಲ್ಲಿಂದಲೇ ಶುರುವಾಗುವುದು.

ಜನವರಿ ಫೆಬ್ರವರಿಯಲ್ಲಿ ಇನ್ನೊಂದು ಒತ್ತಡ. "ಪಕ್ಕದ ಮನೆ ಮಗು ಹಂಡ್ರೆಡ್‌ವರೆಗೆ ಬರೆಯುತ್ತೆ, ನಮ್ಮವನು ಬರೀ ಆಡ್ತಾನೆ ಮೇಡಂ." ಇದಕ್ಕೆ ಉತ್ತರ ಕೊಡಲು ಬರಬೇಕು. ಸಿಟ್ಟು ಮಾಡಿಕೊಳ್ಳದೆ, ಪಾಠ ಹೇಳದೆ. "ನೋಡಿ, ಇವನು ಬಟನ್ ಹಾಕ್ತಾನೆ, ಕತ್ತರಿ ಹಿಡೀತಾನೆ, ಜೇಡಿಮಣ್ಣು ನಾದುತ್ತಾನೆ, ಬೆರಳಿಗೆ ಬಲ ಬರ್ತಾ ಇದೆ. ಬರವಣಿಗೆ ತಾನಾಗಿ ಬರುತ್ತೆ" ಅಂತ ಆ ಮಗುವಿನದ್ದೇ ಉದಾಹರಣೆ ಕೊಟ್ಟರೆ ಹೆಚ್ಚಿನವರು ಒಪ್ಪುತ್ತಾರೆ. ನಿಯಮವೂ ಈಗ ನಿಮ್ಮ ಕಡೆ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ತಳಹದಿಯ ಹಂತ ಅಂತ ಕರೆಯಿತು. 2022ರ ಅಕ್ಟೋಬರ್‌ನಲ್ಲಿ ಬಂದ ಅದರ ಪಠ್ಯಕ್ರಮದ ಚೌಕಟ್ಟು ಆಟವನ್ನೇ ನಡುವೆ ಇಟ್ಟಿತು. ಕರ್ನಾಟಕದಲ್ಲಿ ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮ ಬಂದಿದೆ. 2025–26ಕ್ಕೆ ಮಾತ್ರ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರು. ಇದರಿಂದ ಯುಕೆಜಿ ಮಕ್ಕಳು ಮುಂಚಿಗಿಂತ ದೊಡ್ಡವರಾಗಿರುತ್ತಾರೆ. "ಇನ್ನೂ ಒಂದು ವರ್ಷ ಇಲ್ಲೇ ಯಾಕೆ?" ಅನ್ನುವ ಪ್ರಶ್ನೆ ಎದುರಿಸಲು ತಯಾರಿರಿ.

ಸಂಬಳ ಊರಿಂದ ಊರಿಗೆ, ಬೀದಿಯಿಂದ ಬೀದಿಗೆ ಬೇರೆ. ಬೆಂಗಳೂರಿನ ದುಬಾರಿ ಬಡಾವಣೆಯಲ್ಲಿ ಚೆನ್ನಾಗಿರಬಹುದು. ಸಣ್ಣ ಪೇಟೆಯಲ್ಲಿ ಅಂಗನವಾಡಿಯ ಗೌರವಧನಕ್ಕಿಂತ ಕಮ್ಮಿ ಕೊಡುವ ಎಸಿ ಕೋಣೆಯ ಶಾಲೆಗಳೂ ಇವೆ. ಏಪ್ರಿಲ್, ಮೇ ತಿಂಗಳ ಸಂಬಳ ಕೊಡದೆ, ಅದೇ ತಿಂಗಳಲ್ಲಿ ಪಾಂಪ್ಲೆಟ್ ಹಂಚಿ ಅಡ್ಮಿಶನ್ ತರಲು ಹೇಳುವವರಿದ್ದಾರೆ. ಇದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಟೀಚರ್‌ಗೆ ಅಡ್ಮಿಶನ್ ಟಾರ್ಗೆಟ್ ಕೊಡುವ ಜಾಗ ಎಷ್ಟೇ ಚೆಂದ ಇರಲಿ, ಬೇರೆ ಕಡೆ ನೋಡಿ.

ಮಾಂಟೆಸ್ಸರಿ: ಇದು ಆಟವೇ?

ಮಾಂಟೆಸ್ಸರಿಯನ್ನೂ ಪ್ಲೇಸ್ಕೂಲನ್ನೂ ಒಂದೇ ಅಂದುಕೊಂಡು ಸೇರಿ ಗೊಂದಲಕ್ಕೆ ಬೀಳುವವರು ಬಹಳ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ 'ಮಕ್ಕಳ ಮನೆ' ಅನ್ನುವ ತಮ್ಮ ಮೊದಲ ಶಾಲೆ ತೆರೆದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದವರು ಯುದ್ಧದ ಕಾರಣ ವಾಪಸ್ ಹೋಗಲಾಗದೆ 1946ರವರೆಗೆ ಭಾರತದಲ್ಲೇ ಉಳಿದು ತರಬೇತಿ ಕೊಟ್ಟರು. ದಕ್ಷಿಣ ಭಾರತದಲ್ಲಿ ಈ ಪದ್ಧತಿ ಬೇರೂರಲು ಇದೂ ಒಂದು ಕಾರಣ. ಬೆಂಗಳೂರಿನಲ್ಲೇ ಇಂಡಿಯನ್ ಮಾಂಟೆಸ್ಸರಿ ಸೆಂಟರ್ ಇದೆ.

ಮಕ್ಕಳು ಶಾಲೆಯಲ್ಲಿ ಮಾಡುವುದನ್ನು ಆಕೆ ಆಟ ಅನ್ನದೆ 'ಕೆಲಸ' ಅಂತಲೇ ಕರೆದರು. ಇಲ್ಲಿ ಆಟದ ಅಡುಗೆಮನೆ ಇರುವುದಿಲ್ಲ. ಮಗು ನಿಜವಾದ ಸೌತೆಕಾಯಿಯನ್ನೇ ಕತ್ತರಿಸುತ್ತದೆ, ನಿಜವಾದ ಗಾಜಿನ ಲೋಟಕ್ಕೇ ನೀರು ಸುರಿಯುತ್ತದೆ. ಒಂದರ ಮೇಲೊಂದು ಜೋಡಿಸುವ ಗುಲಾಬಿ ಗೋಪುರ ಅನ್ನುವ ಸಾಮಗ್ರಿಯ ಹತ್ತು ಘನಗಳು ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ. ತಪ್ಪಾಗಿ ಜೋಡಿಸಿದರೆ ಅದನ್ನು ಹೇಳಬೇಕಾದದ್ದು ಟೀಚರ್ ಅಲ್ಲ, ಮಗುವಿನ ಕಣ್ಣು. ಪ್ರತಿ ಸಾಮಗ್ರಿ ಒಂದೇ ಇರುತ್ತದೆ. ಬೇಕಾದವರು ಕಾಯಬೇಕು. ಟೀಚರ್ ಒಂದು ಮಗುವಿನ ಪಕ್ಕ ಕೂತು, ಮಾತಿಲ್ಲದೆ, ನಿಧಾನವಾಗಿ ತೋರಿಸಿ ಎದ್ದು ಹೋಗುತ್ತಾರೆ. ಎರಡೂವರೆಯಿಂದ ಆರರ ಮಕ್ಕಳು ಒಟ್ಟಿಗೆ ಇರುತ್ತಾರೆ. ಸುಮಾರು ಮೂರು ಗಂಟೆ ಯಾರೂ ಅಡ್ಡಿಪಡಿಸದ ಹೊತ್ತು ಸಿಗಬೇಕು.

ನಿಮಗೆ ಹಾಡಿ ಕುಣಿದು, ಗುಮ್ಮನ ಧ್ವನಿ ಮಾಡಿ ಕತೆ ಹೇಳುವುದರಲ್ಲೇ ಜೀವ ಇದ್ದರೆ ಇಲ್ಲಿ ಮೊದಲ ವರ್ಷ ಉಸಿರು ಕಟ್ಟಿದ ಹಾಗೆ ಆಗಬಹುದು. ಬಸ್ ಆಟ ಇಲ್ಲಿ ಅಷ್ಟು ಸುಲಭವಾಗಿ ಹೊರಡುವುದಿಲ್ಲ. ಆದರೆ ನೋಡುವುದನ್ನು, ಕಾಯುವುದನ್ನು, ಮಗುವಿನ ಕೈಯಿಂದ ಕೆಲಸ ಕಸಿದುಕೊಳ್ಳದಿರುವುದನ್ನು ಇಷ್ಟು ಶಿಸ್ತಿನಿಂದ ಕಲಿಸುವ ಜಾಗ ಇನ್ನೊಂದಿಲ್ಲ. ಮುಂದೆ ಎಲ್ಲಿಗೆ ಹೋದರೂ ಆ ಅಭ್ಯಾಸ ಕೈ ಹಿಡಿಯುತ್ತದೆ. ನಾನಾದರೆ ಹೊಸಬರಿಗೆ ಒಳ್ಳೆಯ ಮಾಂಟೆಸ್ಸರಿಯಲ್ಲಿ ಒಂದೆರಡು ವರ್ಷ ಸಹಾಯಕ ಟೀಚರ್ ಆಗಿ ಅಂತಲೇ ಹೇಳುವುದು. ಸಂಬಳ ಸ್ವಲ್ಪ ಕಮ್ಮಿಯಿದ್ದರೂ ಪರವಾಗಿಲ್ಲ. ಒಂದು ಎಚ್ಚರಿಕೆ: ಮಾಂಟೆಸ್ಸರಿ ಅನ್ನುವ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ತಡೆಯುವವರಿಲ್ಲ. ಕಪಾಟಿನಲ್ಲಿ ಗುಲಾಬಿ ಗೋಪುರ ಧೂಳು ಹಿಡಿದು ಕೂತಿದ್ದು, ಮಕ್ಕಳು ನಾಲ್ಕು ಗೆರೆ ಕಾಪಿ ಬರೆಯುತ್ತಿದ್ದರೆ ಅದು ಹೆಸರಿಗೆ ಮಾತ್ರ.

ಇನ್ನು ಕೆಲವು ದಾರಿ

ವಾಲ್ಡಾರ್ಫ್ ರೀತಿಯ ಶಾಲೆಗಳು ಬೆಂಗಳೂರಿನಂಥ ಊರಲ್ಲಿ ಕೆಲವೇ ಇವೆ. ಏಳು ವರ್ಷದ ಒಳಗೆ ಅಕ್ಷರದ ಗೊಡವೆಯೇ ಇಲ್ಲ. ಮರ, ಬಟ್ಟೆ, ಉಣ್ಣೆಯ ಆಟಿಕೆ, ಕತೆ, ಹಾಡು, ತೋಟದ ಕೆಲಸ. ಪೂರ್ತಿ ಆಟ ಬೇಕು ಅನ್ನುವವರಿಗೆ ಹೇಳಿ ಮಾಡಿಸಿದ್ದು. ಇಲ್ಲಿಗೆ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮ ಮೊದಲೇ ಒಪ್ಪಿ ಬಂದಿರುತ್ತಾರೆ, ಹಾಗಾಗಿ ಬರವಣಿಗೆಯ ಕಾಟ ಇಲ್ಲ. ಕೆಲಸ ಸಿಗುವುದು ಅಪರೂಪ, ಅಷ್ಟೆ.

ಡೇಕೇರ್ ಬೇರೆಯೇ ಲೋಕ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ, 50 ಅಥವಾ ಹೆಚ್ಚು ಜನ ಇರುವ ಸಂಸ್ಥೆ ಶಿಶುಪಾಲನಾ ವ್ಯವಸ್ಥೆ ಮಾಡಬೇಕು ಅಂದಮೇಲೆ ಬೆಂಗಳೂರಿನಲ್ಲಿ ಈ ಕೆಲಸ ಹೆಚ್ಚಾಯಿತು. ದಿನ ಉದ್ದ, ಪಾಳಿ ಇರುತ್ತದೆ. ದೊಡ್ಡ ಸಂಸ್ಥೆಯಾದರೆ ಪಿಎಫ್, ಇಎಸ್‌ಐ ಸರಿಯಾಗಿ ಸಿಗುತ್ತದೆ. ಊಟ, ನಿದ್ದೆ, ಡೈಪರ್ ನಡುವೆಯೇ ಆಟ ಹುಡುಕಬೇಕು. ಎರಡು ವರ್ಷದ ಒಳಗಿನ ಮಕ್ಕಳು ಇಷ್ಟವಾದವರಿಗೆ ಇದು ಸರಿ. ಹಳ್ಳಿಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗಾಗಿ ಪಂಚಾಯಿತಿಗಳು ನಡೆಸುವ ಕೂಸಿನ ಮನೆಯೂ ಇದೇ ಬಗೆಯದ್ದು. ಅದು ಮೂರು ವರ್ಷದ ಒಳಗಿನವರಿಗೆ, ಅಲ್ಲಿ ಬೇಕಾಗಿರುವುದು ಟೀಚರಿಗಿಂತ ಜೋಪಾನ ಮಾಡುವ ಕೈ.

ಸ್ವಂತ ಪ್ಲೇಸ್ಕೂಲ್ ತೆರೆಯುವ ಯೋಚನೆ ಇದ್ದರೆ ಮೊದಲು ಬೇರೆಯವರ ಕೆಳಗೆ ಕೆಲಸ ಮಾಡಿ ಆಮೇಲೆ ಬನ್ನಿ. ಅದಕ್ಕೆ ಇನ್ನೊಂದು ಲೇಖನವೇ ಬೇಕು.

ಕೋರ್ಸ್ ಯಾವುದು?

ಪೇಟೆಯ ಗೋಡೆಗಳ ಮೇಲೆಲ್ಲ ಎನ್‌ಟಿಟಿ, ಅಂದರೆ ನರ್ಸರಿ ಟೀಚರ್ ಟ್ರೈನಿಂಗ್ ಜಾಹೀರಾತು. ಕೆಲವು ತಿಂಗಳು ಕಳೆದರೆ ಸರ್ಟಿಫಿಕೇಟ್. ಖಾಸಗಿ ಪ್ಲೇಸ್ಕೂಲಿಗೆ ಅದು ನಡೆಯುತ್ತದೆ. ಶಿಕ್ಷಕರ ತರಬೇತಿಗೆ ಮಾನ್ಯತೆ ಕೊಡುವ ಎನ್‌ಸಿಟಿಇ ಪಟ್ಟಿಯಲ್ಲಿ ಇರುವುದು ಎರಡು ವರ್ಷದ ಡಿಪಿಎಸ್‌ಇ, ಅಂದರೆ ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾ. ಸರ್ಕಾರಿ ಕಡೆ ಕಣ್ಣಿದ್ದರೆ ಮಾನ್ಯತೆ ನೋಡದೆ ದುಡ್ಡು ಕಟ್ಟಬೇಡಿ. ಮನೆಯಲ್ಲೇ ಇದ್ದು ಓದುವವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಒಂದು ವರ್ಷದ ಡಿಪ್ಲೊಮಾ ಇದೆ, ಖರ್ಚೂ ಕಮ್ಮಿ. ಮಾಂಟೆಸ್ಸರಿಗೆ ಹೋಗುವುದಾದರೆ ಅದರದ್ದೇ ಡಿಪ್ಲೊಮಾ ಬೇಕು. ಸಾಮಗ್ರಿಗಳನ್ನು ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿಸದ, ಬರೀ ಆನ್‌ಲೈನ್ ಮಾಂಟೆಸ್ಸರಿ ಕೋರ್ಸ್ ಅಂದರೆ ನನಗೆ ನಂಬಿಕೆ ಇಲ್ಲ. ಯಾವುದಕ್ಕೇ ಆಗಲಿ, ಫೀಸ್ ಕಟ್ಟುವ ಮುಂಚೆ ಒಂದು ವಾರ ಯಾವುದಾದರೂ ಶಾಲೆಯಲ್ಲಿ ಸುಮ್ನೆ ಕೂತು ನೋಡಿ. ಮೂರನೇ ದಿನಕ್ಕೆ ತಲೆ ಸಿಡಿದರೆ ಅಷ್ಟು ದುಡ್ಡು ಉಳಿಯಿತಲ್ವಾ?

ಹೋಗಿ ನೋಡುವಾಗ

ಸಂದರ್ಶನಕ್ಕೆ ಕರೆದಾಗ ಮಕ್ಕಳಿರುವ ಹೊತ್ತಿಗೇ ಹೋಗಿ. ಗೋಡೆ ನೋಡಿ. ಇಪ್ಪತ್ತು ಮಕ್ಕಳ ಇಪ್ಪತ್ತು ಚಿಟ್ಟೆಯೂ ಒಂದೇ ಥರ ಇದ್ದರೆ ಅದನ್ನು ಮಾಡಿದವರು ದೊಡ್ಡವರು. ಆಟಿಕೆಗಳು ಮಕ್ಕಳ ಕೈಗೆಟಕುವಷ್ಟು ಕೆಳಗಿವೆಯೋ, ಅತಿಥಿಗಳಿಗೆ ತೋರಿಸಲು ಮೇಲೆ ಜೋಡಿಸಿದ್ದಾರೋ ಗಮನಿಸಿ. ಶೌಚಾಲಯಕ್ಕೆ ಇಣುಕಿ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗದ ಮಾರ್ಗಸೂಚಿಯ ಪ್ರಕಾರ ಖಾಸಗಿ ಪ್ಲೇಸ್ಕೂಲಿನಲ್ಲಿ 20 ಮಕ್ಕಳಿಗೆ ಒಬ್ಬ ಟೀಚರ್, ಜೊತೆಗೆ ನೋಡಿಕೊಳ್ಳಲು ಒಬ್ಬರು ಇರಬೇಕು. ಮೂವತ್ತೈದು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರೆ ಅಲ್ಲಿ ಆಟ ಆಡಿಸಲು ಯಾರಿಂದಲೂ ಆಗದು. ಕೂರಿಸಿ ಇಡುವುದೇ ಆಗುತ್ತದೆ.

ಕೇಳಲೇಬೇಕಾದ ಒಂದು ಪ್ರಶ್ನೆ: ಆ್ಯನ್ಯುಯಲ್ ಡೇ ಪ್ರಾಕ್ಟೀಸ್ ಯಾವ ತಿಂಗಳು ಶುರುವಾಗುತ್ತದೆ? ಡಿಸೆಂಬರಿನ ಕಾರ್ಯಕ್ರಮಕ್ಕೆ ಅಕ್ಟೋಬರಿನಿಂದಲೇ ಕುಣಿಸುತ್ತಾರೆ ಅಂದರೆ ವರ್ಷದ ಕಾಲು ಭಾಗ ಹೋಯಿತು ಅಂತಲೇ ಲೆಕ್ಕ. ಎರಡು ವಾರ ಅಂದರೆ ಸಹಿಸಬಹುದು. ಮಗು ಊಟ ಮಾಡಲು ಒಪ್ಪದಿದ್ದರೆ ಏನು ಮಾಡುತ್ತೀರಿ ಅಂತಲೂ ಕೇಳಿ. ಬೈದು ತಿನ್ನಿಸುವ ಜಾಗ ಯಾವುದು ಅಂತ ಉತ್ತರದಲ್ಲೇ ತಿಳಿಯುತ್ತದೆ. ಅಲ್ಲಿನ ಆಯಮ್ಮನ ಜೊತೆ ಎರಡು ಮಾತಾಡಿ. ಮ್ಯಾನೇಜರ್ ಹೇಳದ ಸಂಗತಿ ಅವರು ಹೇಳುತ್ತಾರೆ. ಟೀಚರುಗಳು ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿ. ಎಲ್ಲರೂ ಈ ಜೂನ್‌ನಲ್ಲಿ ಸೇರಿದವರೇ ಆಗಿದ್ದರೆ ಯಾಕೆ ಅಂತ ಯೋಚಿಸಿ.

ಸಂಬಳದ ಮಾತು ಬಾಯಲ್ಲಿ ಬೇಡ, ಪತ್ರದಲ್ಲಿ ಇರಲಿ. ಹನ್ನೆರಡು ತಿಂಗಳಿಗೋ ಹತ್ತಕ್ಕೋ? ಪಿಎಫ್ ಇದೆಯಾ? ಐದು ವರ್ಷ ದುಡಿದ ಮೇಲೆ ಗ್ರಾಚ್ಯುಟಿ ಖಾಸಗಿ ಶಾಲೆಯ ಟೀಚರಿಗೂ ಕಾನೂನಿನ ಪ್ರಕಾರ ಸಲ್ಲುತ್ತದೆ, ಬಹಳ ಜನರಿಗೆ ಇದು ಗೊತ್ತಿಲ್ಲ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಕೊಡಬೇಡಿ, ಜೆರಾಕ್ಸ್ ಕೊಡಿ. ಸಾಧ್ಯವಾದರೆ ಜೂನ್ ಮೊದಲ ವಾರಕ್ಕೇ ಸೇರಿಕೊಳ್ಳಿ. ಅಮ್ಮನನ್ನು ಬಿಟ್ಟು ಬಂದ ಮಕ್ಕಳು ಒಟ್ಟಿಗೆ ಅಳುವ ಆ ಹದಿನೈದು ದಿನ ತುಂಬ ಕಷ್ಟ. ಆದರೆ ನಡುವರ್ಷದಲ್ಲಿ ಸೇರಿದವರಿಗೆ ಆ ಮಕ್ಕಳ ಸಲುಗೆ ಸಿಗಲು ಇನ್ನೂ ಜಾಸ್ತಿ ದಿನ ಬೇಕಾಗುತ್ತದೆ.